ಎಂಟರ ಬದಲು ಒಂಬತ್ತು

ಎದೆಯಲ್ಲಿ ಗಂಟು ಕೈಗೆ ಸಿಕ್ಕಿ ಹನ್ನೆರಡು ದಿನವಾಗಿತ್ತು. ಗಂಡನಿಗೂ ಹೇಳಿರಲಿಲ್ಲ. ಅಂದು ಮೂರು ಗಂಟೆಗೆ ವೆಸ್ಟ್‌ಲ್ಯಾಂಡ್ಸ್‌ನ ಡಾಕ್ಟರ ಬಳಿ ಹೋಗಬೇಕಿತ್ತು. ಹೋಗದಿರಲು ನೆಪ ಹುಡುಕುತ್ತ, ನ್ಗಾರಾ ಬಡಾವಣೆಯ ನಮ್ಮ ಕಟ್ಟಡದ ಮೇಲಿನ ಮಹಡಿಗೆ ಹತ್ತಿ ಚೀನೀ ಆಂಟಿಯ ಬಾಗಿಲು ತಟ್ಟಿದೆ.

ಅವರು ಸಂಖ್ಯೆ ಕೇಳಿ ಭವಿಷ್ಯ ನೋಡುತ್ತಾರೆಂದು ಕಟ್ಟಡಕ್ಕೆಲ್ಲ ಗೊತ್ತು. ಅವರು ‘ಒಳ್ಳೆಯದು’ ಎಂದರೆ ಡಾಕ್ಟರಿಗೆ ಫೋನ್ ಮಾಡಿ ಬರುವುದಿಲ್ಲ ಎಂದುಬಿಡುವುದು, ಹೀಗೆ ನಿರ್ಧರಿಸಿಕೊಂಡಿದ್ದೆ. ಎಂಜಿನಿಯರಿಂಗ್ ಓದಿದವಳ ಬುದ್ಧಿ ನೋಡಿ!

“ಪ್ರಶ್ನೆ ಮನಸ್ಸಲ್ಲೇ ಇರಲಿ. ಮೊದಲು ಹೊಳೆದ ಎರಡು ಸಂಖ್ಯೆ ಹೇಳು,” ಎಂದರು ಇಂಗ್ಲಿಷಿನಲ್ಲಿ. “ಒಂದು ಪ್ರಶ್ನೆಗೆ ಒಂದೇ ಸಲ. ಮತ್ತೆ ಕೇಳುವಂತಿಲ್ಲ.”

ಹೊಳೆದದ್ದು ಎಂಟು. ನಮ್ಮಲ್ಲಿ ಎಂಟು ಶನಿಯ ಸಂಖ್ಯೆ. ನಮ್ಮಪ್ಪ ಎಂಟು ಬಂತೆಂದು ಸ್ಕೂಟರಿನ ನಂಬರನ್ನೇ ಬೇಡ ಎಂದವರು. ನನ್ನ ಬಾಯಿ ತಾನಾಗಿಯೇ “ಒಂಬತ್ತು” ಎಂದಿತು. ಆಮೇಲೆ ಮೂರು.

ಆಂಟಿ ಎರಡನ್ನೂ ಎಂಟರಿಂದ ಭಾಗಿಸಿ, ಉಳಿದದ್ದನ್ನು ನೋಡಿಕೊಂಡು ಕೆಳಗಿನಿಂದ ಮೇಲಕ್ಕೆ ಆರು ಗೆರೆ ಎಳೆದರು. ಒಂದು ಮಾತ್ರ ನಡುವೆ ತುಂಡಾಗಿತ್ತು.

“ಮೇಲಿನ ಮೂರು ಗೆರೆ ಆಕಾಶ, ಕೆಳಗಿನ ಮೂರು ಬೆಂಕಿ. ಒಳ್ಳೆಯದೇ ಬಂದಿದೆ.”

ಉಸಿರು ಬಿಟ್ಟೆ. ಡಾಕ್ಟರ ನಂಬರ್ ತೆಗೆದೆ. ಒತ್ತಲು ಬೆರಳೇ ಬರಲಿಲ್ಲ. ಒಳ್ಳೆಯದು ಬಂದದ್ದು ಒಂಬತ್ತಕ್ಕೆ, ನನಗಲ್ಲ.

“ಸುಳ್ಳು ಹೇಳಿದೆ ಆಂಟಿ. ಎಂಟು ಹೊಳೆದಿತ್ತು. ಎಂಟು ನಮಗೆ ಆಗಿಬರುವುದಿಲ್ಲ.”

ಅವರು ಕಣ್ಣರಳಿಸಿದರು. ಅವರ ಕಡೆ ಎಂಟರಷ್ಟು ಶುಭ ಇನ್ನೊಂದಿಲ್ಲವಂತೆ, ಫೋನ್ ನಂಬರಿಗೂ ಹುಡುಕಿ ಹಾಕಿಸಿಕೊಳ್ಳುತ್ತಾರಂತೆ. ಇನ್ನೊಮ್ಮೆ ನೋಡಿ ಎಂದು ಗೋಗರೆದೆ.

“ಇಲ್ಲ,” ಎಂದು ಪೆನ್ಸಿಲ್ ಕೆಳಗಿಟ್ಟರು. “ಒಂದು ಸಂಖ್ಯೆ ಹೇಳಲೂ ಇಷ್ಟು ಹೆದರುತ್ತೀಯಲ್ಲ. ಮನೆಯಲ್ಲಿ ಯಾರಿಗಾದರೂ ಹೇಳಿದ್ದೀಯಾ?”

ಏನು ಎಂದು ಅವರು ಕೇಳಲೇ ಇಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅಲ್ಲೇ ಕೂತು ಗಂಡನಿಗೆ ಫೋನ್ ಮಾಡಿದೆ.

“ಮೀಟಿಂಗಲ್ಲಿದೀನಿ ಕಣೇ, ಬೇಗ ಹೇಳು.”

ಹೇಳಿದೆ. ಗಂಟು ಎಂಬ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆ ಕಡೆ ಬಾಗಿಲು ತೆಗೆದದ್ದು, ಆಮೇಲೆ ಮೆಟ್ಟಿಲಿಳಿಯುವ ಸದ್ದು ಕೇಳಿಸಿತು.

“ಮಟಾಟು ಬಸ್ಸು ಹತ್ಬೇಡ, ಮನೇಲೇ ಇರು. ನಾನೇ ಕಾರ್ ತರ್ತೀನಿ.” ಕಾರಿನ ಬಾಗಿಲು ಹಾಕಿದ ಸದ್ದಾಯಿತು. “ಇಷ್ಟು ದಿನ ನನ್ ಪಕ್ಕದಲ್ಲೇ ಮಲ್ಕೊಂಡು, ಒಬ್ಳೇ ಹೆದರ್ಕೊಂಡಿದ್ಯಾ?”