ಜ್ವರದ ತಾಳಮದ್ದಳೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಯಾರು ಬಂದರೂ ನನಗೆ ಸಂಶಯ. ಬೆಲ್ಲ, ನೀರು ತಂದಿಡುವಾಗಲೂ ಮುಖ ನೋಡುತ್ತಿದ್ದೆ. ಕಾರಣ ಉಂಟು ಮಕ್ಕಳೇ. ಅಪ್ಪ ಪುತ್ತೂರಿನ ದೊಡ್ಡ ಅಂಗಡಿಯೊಂದರಲ್ಲಿ ಗುಮಾಸ್ತ. ಗಂಜಿ ಹಾಕಿದ ಬಿಳಿ ಅಂಗಿ, ಕಿಸೆಯಲ್ಲಿ ಶಾಯಿಯ ಕಲೆ. ಆದರೆ ಜ್ವರ ಬಂದು ಮಲಗಿದರೆ ಕೆಲಸ ಹೋದ ಹಾಗೆಯೇ. ಅದಕ್ಕೇ ಅಪ್ಪ ಗುಟ್ಟಾಗಿ ಗುಮಾಸ್ತರ ಸಂಘ ಕಟ್ಟಲು ಹೊರಟಿದ್ದರು. ಅಂಗಡಿಯ ಧಣಿಗಳಿಗೆ ಗೊತ್ತಾದರೆ ನಮ್ಮ ಅನ್ನಕ್ಕೇ ಕಲ್ಲು. ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಅಕ್ಕ, "ನಮಗೆ ಬೀಡಿಯವರಿಗೆ ಸಂಘ ಉಂಟು, ನಿಮಗೆ ಬರೀ ಅಂಗಿ ಉಂಟು," ಎಂದು ಅಪ್ಪನನ್ನು ಕೀಟಲೆ ಮಾಡುತ್ತಿದ್ದಳು.

ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ ಗುಮಾಸ್ತರೆಲ್ಲ ನಮ್ಮ ಚಾವಡಿಯಲ್ಲಿ ಸೇರಿದರು. ಅಕ್ಕನ ಮೊರದ ಹೊಗೆಸೊಪ್ಪಿನ ಘಾಟು, ಒಳಗಿಂದ ಹಲಸಿನ ಹಪ್ಪಳದ ವಾಸನೆ. ಯಾರಾದರೂ ಕೇಳಿದರೆ ತಾಳಮದ್ದಳೆ ಎನ್ನುವುದೆಂದು ಮಾತಾಗಿತ್ತು. ವೇಷ, ಕುಣಿತ ಇಲ್ಲದೆ ಕೂತಲ್ಲೇ ಮಾತಿನಲ್ಲಿ ಒಂದು ಪ್ರಸಂಗ, ಅಂದರೆ ಪುರಾಣದ ಕಥೆ, ನಡೆಸುವುದು ಅದು. ನಡುವೆ ಒಂದು ಮದ್ದಳೆಯನ್ನೂ ಇಟ್ಟಿದ್ದರು. ಬಾರಿಸಲು ಒಬ್ಬರಿಗೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ಅಂಗಳಕ್ಕೆ ಬಂದದ್ದು ಅಂಗಡಿಯ ಮ್ಯಾನೇಜರು. ನಾನು ಬೆಲ್ಲ, ನೀರು ತರಲು ಒಳಗೆ ಓಡಿದೆ.

"ತಾಳಮದ್ದಳೆ ಉಂಟಂತೆ, ಕೇಳುವಾ ಅಂತ ಬಂದೆ," ಎಂದು ಕಂಬಕ್ಕೆ ಒರಗಿ ಕುಳಿತರು.

ಇವರಿಗೆ ಹೇಳಿದ್ದು ಯಾರು? ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗಂತೂ ಎಲ್ಲರ ಮೇಲೂ ಗುಮಾನಿ.

ಆಡದೆ ವಿಧಿಯಿರಲಿಲ್ಲ. ಒಬ್ಬರು ರಾಜನಾದರು, ಅಪ್ಪ ರಾಯಭಾರಿ. ಯುದ್ಧ ಬೇಡ, ಸಂಧಿ ಮಾಡಿಕೋ ಎಂದು ಅಪ್ಪ ಚೆನ್ನಾಗಿಯೇ ಶುರುಮಾಡಿದರು. ಮಾತಿನ ಭರದಲ್ಲಿ ಬಾಯಿ ತಪ್ಪಿತು. "ಮಹಾರಾಜ, ಜ್ವರ ಬಂದವನಿಗೆ ರಜೆ ಕೊಡು."

ರಾಜನಾದವರು ಗಡಬಡಿಸಿ ಮದ್ದಳೆಗೆ ಎರಡು ಏಟು ಹಾಕಿದರು.

"ಇದು ಯಾವ ಪ್ರಸಂಗ ಮಾರಾಯ್ರೆ?" ಎಂದರು ಮ್ಯಾನೇಜರು.

ಅಪ್ಪ ನಕ್ಕು ಜಾರಿಕೊಳ್ಳಬಹುದಿತ್ತು. "ನಮ್ಮದೇ," ಎಂದರು.

ಮ್ಯಾನೇಜರು ಬೆಲ್ಲದ ತುಂಡು ಬಾಯಿಗಿಟ್ಟು ನೀರು ಕುಡಿದರು. "ಜ್ವರ ನನಗೂ ಬರ್ತದೆ," ಎಂದು ಎದ್ದು ಹೋದರು. ಅದು ಕನಿಕರವೋ ಬೆದರಿಕೆಯೋ, ನನಗೆ ಈಗಲೂ ಗೊತ್ತಿಲ್ಲ.

ಮರುವಾರ ಧಣಿಗಳು ಅಪ್ಪನನ್ನು ಕೆಲಸದಿಂದ ತೆಗೆದರು. ಉಳಿದ ಗುಮಾಸ್ತರು ಒಳಗೆ ಹೋಗದೆ ಅಂಗಡಿಯ ಮೆಟ್ಟಿಲಲ್ಲೇ ಕೂತರು. ಕೊನೆಗೆ ಜ್ವರಕ್ಕೆ ರಜೆ ಸಿಕ್ಕಿತು, ಅಪ್ಪನಿಗೆ ಕೆಲಸ ಮಾತ್ರ ಸಿಗಲಿಲ್ಲ. ಅವರು ಹತ್ತಿರದ ಕುಂಬ್ರದಲ್ಲಿ ಸಣ್ಣ ಅಂಗಡಿ ಹಾಕಿದರು. ಮೈ ಸುಡುವಾಗಲೂ ಹೋಗಿ ಬಾಗಿಲು ತೆರೆಯುತ್ತಿದ್ದರು. ನೋಡಿ ನನಗೆ ಅಳು ಬರುತ್ತಿತ್ತು.

ಮೊನ್ನೆ ನಿಮ್ಮ ಅಮ್ಮ ಮೊಬೈಲಿನಲ್ಲಿ "ಜ್ವರ, ಇವತ್ತು ಬರುದಿಲ್ಲ" ಎಂದು ಆಫೀಸಿಗೆ ಕಳಿಸಿ ಹೊದ್ದು ಮಲಗಿದಳಲ್ಲ? ಯಾವ ಪ್ರಸಂಗ ಎಂದು ಅವಳನ್ನು ಯಾರೂ ಕೇಳಲಿಲ್ಲ. ನಾನು ಮಾತ್ರ ಮೆಲ್ಲ ಹೋಗಿ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಹೊದಿಕೆ ಸರಿಮಾಡಿ ಬಂದೆ. ಮಲಗಲಿ, ಆ ರಜೆ ನನ್ನ ಅಪ್ಪನದ್ದು.