ತೀರ್ಪುಗಾರರ ಮೇಜಿನಿಂದ

ನಿನ್ನೆ ಸೀರೆಯ ಸೆರಗಿಗೊಂದು ಪಿನ್ನು ಹುಡುಕುತ್ತಿದ್ದಾಗ ಹಳೆಯ ಬಿಸ್ಕತ್ತಿನ ಡಬ್ಬಿ ಕೈಗೆ ಬಂತು. ಅಬುಧಾಬಿಯಿಂದ ಮೈಸೂರಿಗೆ ವಾಪಸು ಬರುವಾಗ ಮಂಚ, ಮೇಜು, ಟೀವಿ ಎಲ್ಲವನ್ನೂ ಬಿಟ್ಟು ಬಂದವರು ಈ ಡಬ್ಬಿಯನ್ನು ಯಾಕೆ ಹೊತ್ತು ತಂದೆವೋ ತಿಳಿಯದು. ಮುಚ್ಚಳ ತೆಗೆದರೆ ಪಿನ್ನುಗಳೇನೋ ಇದ್ದವು, ಆದರೆ ಒಂದೊಂದಕ್ಕೂ ಒಂದೊಂದು ರಿಬ್ಬನ್ ಬ್ಯಾಡ್ಜು. ಹಳದಿ ಕೆಂಪು ಬಟ್ಟೆಯ ಹೂವು, ನಡುವೆ ಚಿನ್ನದ ಬಣ್ಣದಲ್ಲಿ 'ತೀರ್ಪುಗಾರರು'. ನೋಡಿ ಹೆಮ್ಮೆಪಡಬೇಕಿತ್ತು. ನನಗಾದದ್ದು ಹೊಟ್ಟೆಕಿಚ್ಚು.

ತೀರ್ಪುಗಾರ್ತಿಗೆ ಯಾರ ಮೇಲೆ ಹೊಟ್ಟೆಕಿಚ್ಚು ಎಂದು ನೀವು ಕೇಳುತ್ತೀರಿ. ತೀರ್ಪುಗಾರರಾಗಲು ಅರ್ಹತೆ ಇಲ್ಲದವರ ಮೇಲೆ!

ಬಿಡಿಸಿ ಹೇಳುತ್ತೇನೆ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಆಗ ನಾವು ಅಬುಧಾಬಿಯ ಖಲೀಫಾ ಸಿಟಿಯ ಒಂದು ವಿಲ್ಲಾದ ಮಹಡಿಯಲ್ಲಿದ್ದೆವು. ನಮ್ಮ ಕನ್ನಡ ಬಳಗದವರು ರಾಜ್ಯೋತ್ಸವದ ಹೊತ್ತಿಗೆ ಯಾವುದಾದರೂ ರಜೆಯ ಶುಕ್ರವಾರ ಶಾಲೆಯೊಂದರ ಸಭಾಂಗಣ ಹಿಡಿದು ಮಕ್ಕಳಿಗೆ ಪದ್ಯ ಹೇಳುವ ಸ್ಪರ್ಧೆ ಇಡುತ್ತಿದ್ದರು. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು: ಸ್ಪರ್ಧೆಯಲ್ಲಿರುವ ಮಗುವಿನ ಅಪ್ಪ, ಅಮ್ಮ, ನೆಂಟರು, ಪದ್ಯ ಹೇಳಿಕೊಟ್ಟವರು ಯಾರೂ ತೀರ್ಪುಗಾರರ ಮೇಜಿಗೆ ಕೂರುವಂತಿಲ್ಲ. ಹಿಂದೊಮ್ಮೆ ಯಾರೋ ಒಬ್ಬರು ತಮ್ಮ ಅಣ್ಣನ ಮಗನಿಗೇ ಮೊದಲ ಬಹುಮಾನ ಕೊಟ್ಟು, ಬಳಗ ಎರಡು ಹೋಳಾಗಿ, ಮರುವರ್ಷ ಒಂದೇ ಊರಿನಲ್ಲಿ ಎರಡೆರಡು ರಾಜ್ಯೋತ್ಸವ ನಡೆದಿದ್ದವಂತೆ. ಎರಡು ಕಡೆಯೂ ಬಿಸಿಬೇಳೆಬಾತು ಉಳಿದಾಗ ಜನಕ್ಕೆ ಬುದ್ಧಿ ಬಂತು.

ಸ್ಪರ್ಧೆಯ ದಿನ ಹತ್ತಿರ ಬಂತೆಂದರೆ ಕಾರ್ಯದರ್ಶಿ ಪ್ರಭಾಕರ ರಾಯರು ಫೋನು ಹಿಡಿದು ಕೂರುತ್ತಿದ್ದರು. ಎಲ್ಲರಿಗೂ ಮೊದಲ ಪ್ರಶ್ನೆ ಒಂದೇ: "ನಿಮ್ಮ ಮಕ್ಕಳು ಯಾರಾದ್ರೂ ಸ್ಪರ್ಧೇಲಿ ಇದ್ದಾರಾ?" ನನಗೆ ಮಾತ್ರ ಅವರು ಅದನ್ನು ಕೇಳುತ್ತಿರಲಿಲ್ಲ. "ನಿಮಗೆ ಆ ತಾಪತ್ರಯ ಇಲ್ವಲ್ಲ ಮೇಡಂ, ಶುಕ್ರವಾರ ಮಧ್ಯಾಹ್ನ ಬಂದ್ಬಿಡಿ" ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಹೊಗಳಿಕೆ ಎಂದುಕೊಂಡೇ ಹೇಳುತ್ತಿದ್ದರು.

ಕೆಳಗಿನ ಮನೆಯಲ್ಲಿ ಉಡುಪಿಯ ಸುಮತಿ ಇದ್ದಳು. ನನಗಿಂತ ಹೆಚ್ಚು ಪದ್ಯ ಬಲ್ಲವಳು, ಮದುವೆಗೆ ಮುಂಚೆ ಟೀಚರಾಗಿದ್ದವಳು. ರಾಯರು ಅವಳಿಗೂ ತಪ್ಪದೆ ಫೋನು ಮಾಡುತ್ತಿದ್ದರು. ಒಮ್ಮೆ ನಾನು ಅಲ್ಲೇ ಇದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕುಚ್ಚಲಕ್ಕಿ ಅನ್ನ ಬಸಿಯುತ್ತಾ ಅವಳು ಅಂದಳು: "ಅಯ್ಯೋ, ನನ್ನ ಮಗಳು ಉಂಟಲ್ಲ ಮಾರಾಯ್ರೆ ಸ್ಪರ್ಧೆಯಲ್ಲಿ! ನಾನು ಹೇಗೆ ಕೂತುಕೊಳ್ಳುದು?" ಅಷ್ಟೇ, ಖಲಾಸ್. ಫೋನಿಟ್ಟು ನನ್ನ ಕಡೆ ತಿರುಗಿ, "ಬಚಾವಾದೆ ನೋಡಿ" ಎಂದು ನಕ್ಕಳು.

ಅವಳಿಗೆ ಅದು ಕೈಗೆ ಸಿಕ್ಕ ನೆಪ. ಆ ನೆಪಕ್ಕಾಗಿ ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆ, ಎಷ್ಟು ಆಸ್ಪತ್ರೆಗಳ ಮೆಟ್ಟಿಲು ಹತ್ತಿದ್ದೆ! ಆ ದಿನ ಮೇಲೆ ಬಂದವಳು ಬಚ್ಚಲಿನ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಆ ಮಾತನ್ನು ಆಡಿ ನೋಡಿದೆ. 'ನನ್ನ ಮಗಳಿದ್ದಾಳಲ್ಲ ಸ್ಪರ್ಧೆಯಲ್ಲಿ.' ಉಡುಪಿಯ ರಾಗದಲ್ಲೂ ಹೇಳಿದೆ, ಮೈಸೂರಿನ ರಾಗದಲ್ಲೂ ಹೇಳಿದೆ. ಎರಡೂ ನನ್ನ ಬಾಯಿಗೆ ಹೊಂದಲಿಲ್ಲ.

ಹಾಗೆಂದು ತಪ್ಪಿಸಿಕೊಳ್ಳಲು ನೋಡಲಿಲ್ಲವೆಂದಲ್ಲ. ಒಂದು ವರ್ಷ ಗಂಟಲು ನೋವೆಂದೆ. "ಹೇಳೋರು ಮಕ್ಕಳು ಮೇಡಂ, ನಿಮಗೆ ಕಿವಿ ಸಾಕು" ಎಂದರು ರಾಯರು. ಇನ್ನೊಂದು ವರ್ಷ 'ಮುಂದಿನ ಸಲ ನೋಡೋಣ' ಎಂದೆ. ಮುಂದಿನ ಸಲ ಮೊದಲ ಫೋನು ನನಗೇ ಬಂತು.

ಆ ಮೇಜಿನ ಹಿಂದೆ ಕೂತರೆ ಏನು ಕಾಣುತ್ತದೆ ಗೊತ್ತೆ? ವೇದಿಕೆಯ ಮೇಲಿನ ಮಗುವಲ್ಲ. ಪಕ್ಕದ ಸಾಲಿನಲ್ಲಿ ಕೂತ ಅಮ್ಮಂದಿರ ತುಟಿಗಳು. ಮಗು ಪದ್ಯ ಹೇಳುತ್ತಿದ್ದರೆ ಅಮ್ಮನ ತುಟಿ ಸದ್ದಿಲ್ಲದೆ ಜೊತೆಗೇ ಆಡುತ್ತಿರುತ್ತದೆ. ಮಗು ತಡವರಿಸಿದರೆ ತುಟಿಯೂ ನಿಲ್ಲುತ್ತದೆ. ನಾನು ಉಚ್ಚಾರಕ್ಕೆ ಇಷ್ಟು, ಭಾವಕ್ಕೆ ಇಷ್ಟು ಎಂದು ಅಂಕ ಹಾಕುತ್ತಾ, ಆ ತುಟಿಗಳನ್ನು ನೋಡಿ ನೋಡಿ ಉರಿದುಹೋಗುತ್ತಿದ್ದೆ. ಸುಮತಿಯ ಮಗಳು ಸ್ನೇಹಾ ಬಂದಾಗಲಂತೂ, ನನ್ನ ಹೊಟ್ಟೆಕಿಚ್ಚು ಪೆನ್ನಿಗೆ ಇಳಿದೀತೆಂದು ಹೆದರಿ ಒಂದು ಅಂಕ ಜಾಸ್ತಿಯೇ ಹಾಕುತ್ತಿದ್ದೆ.

ಆಮೇಲೊಂದು ವರ್ಷ ಸುಮತಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಹೋಗಿಬರುವ ದಾರಿಯೇ ಅವಳ ಅರ್ಧ ದಿನ ತಿನ್ನುತ್ತಿತ್ತು. ಸ್ನೇಹಾ ಶಾಲೆಯ ಬಸ್ಸಿಳಿದು ನೇರ ನಮ್ಮ ಮನೆಗೆ ಬರತೊಡಗಿದಳು. ಆ ಸಲ ಅವಳಿಗೆ ಮಳೆಯ ಪದ್ಯ. ಮಳೆ ಬಂದರೆ ಜನ ಕಾರು ನಿಲ್ಲಿಸಿ ಫೋಟೋ ತೆಗೆಯುವ ಊರಿನ ಮಗುವಿಗೆ ಮಳೆಯ ಪದ್ಯ!

"ಸೋನೆ ಅಂದ್ರೆ ವಾಟ್, ಆಂಟಿ?"

ಅವಳನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಏಸಿಯ ಪೈಪು ತೊಟ್ಟಿಕ್ಕುವುದನ್ನು ತೋರಿಸಿದೆ. "ಇದು ಹೀಗೇ, ಇಡೀ ಊರಿನ ಮೇಲೆ, ದಿನವೆಲ್ಲಾ."

"ದಟ್ಸ್ ಸೋ ಬೋರಿಂಗ್" ಎಂದಳು. ಆದರೆ ಆ ಸಾಲು ಬಂದಾಗಲೆಲ್ಲಾ ಅಂಗೈ ಚಾಚಿ ಹನಿ ಹಿಡಿದಳು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ಸುಮ್ಮನಾಗಬೇಕು, ಎಲ್ಲವನ್ನೂ ಕೂತು ಹೇಳಿಕೊಟ್ಟೆ.

ರಾಯರ ಫೋನು ಬಂತು. "ಮೇಡಂ, ಶುಕ್ರವಾರ..."

"ಈ ಸಲ ಆಗಲ್ಲ ರಾಯರೇ. ನಮ್ಮ ಹುಡುಗಿ ಇದ್ದಾಳೆ ಸ್ಪರ್ಧೇಲಿ."

ರಾಯರು ಮೆಲ್ಲಗೆ, "ಯಾವ ಹುಡುಗಿ ಮೇಡಂ?"

"ಕೆಳಗಿನ ಮನೆ ಸ್ನೇಹಾ. ಹೇಳಿಕೊಟ್ಟೋಳು ನಾನು. ನಿಯಮ ನಿಯಮಾನೇ ಅಲ್ವಾ?"

ಕನ್ನಡಿಯ ಮುಂದೆ ಹೊಂದದ ಮಾತು ಅಂದು ತಾನಾಗಿ ಬಂದಿತ್ತು.

ಆ ಶುಕ್ರವಾರ ನಾನು ಅಮ್ಮಂದಿರ ಸಾಲಿನಲ್ಲಿ, ಸುಮತಿಯ ಪಕ್ಕದಲ್ಲಿ ಕೂತೆ. ಸ್ನೇಹಾ ಶುರುಮಾಡಿದಳು, ನನ್ನ ತುಟಿಯೂ ಆಡತೊಡಗಿತು. ನಡುವೆ ಒಂದು ಸಾಲು ಮರೆತು ಮಗು ತಟಕ್ಕನೆ ನಿಂತಿತು, ನಮ್ಮ ಕಡೆ ನೋಡಿತು. ನನ್ನನ್ನು ನೋಡಿತು. ನನ್ನ ತುಟಿ ಓದಿಕೊಂಡು, ಅಂಗೈ ಚಾಚಿ, ಪದ್ಯ ಮುಗಿಸಿತು. ನನಗೆ ಸ್ವರ್ಗ ಮೂರೇ ಗೇಣು. ಪಕ್ಕಕ್ಕೆ ತಿರುಗಿದರೆ ಸುಮತಿಯ ತುಟಿ ನಿಂತುಹೋಗಿತ್ತು. ಅವಳ ಕಣ್ಣಿನಲ್ಲಿದ್ದದ್ದು ನನಗೆ ತಕ್ಷಣ ಅರ್ಥವಾಯಿತು. ಎಷ್ಟೋ ವರ್ಷ ಮನೆಯಲ್ಲಿ ಸಾಕಿದ್ದನ್ನು ಗುರುತು ಹಿಡಿಯದೆ ಇರುತ್ತೇನೆಯೇ?

"ನಿಮ್ಮನ್ನೇ ನೋಡಿದ್ಳು ಅವಳು" ಎಂದಳು, ಅಷ್ಟೇ.

ಮರುವರ್ಷ ಸುಮತಿ ದುಬೈಯ ಕೆಲಸ ಬಿಟ್ಟಳು. ಮೆಟ್ಟಿಲ ಬಳಿ ಸಿಕ್ಕಾಗ, "ಈ ಸಲ ಪದ್ಯ ನಾನೇ ಹೇಳಿಕೊಡ್ತೇನೆ ಆಯ್ತಾ. ನೀವು ಆರಾಮಾಗಿ ಜಡ್ಜ್ ಆಗಿ ಕೂತುಕೊಳ್ಳಿ" ಎಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ, ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ನಾನು ಮತ್ತೆ ಅರ್ಹಳಾಗಿಬಿಟ್ಟೆ. ಡಬ್ಬಿಗೆ ಮತ್ತೊಂದು ಬ್ಯಾಡ್ಜು ಬಿತ್ತು.

ಇವತ್ತು ಸಂಜೆ, ಆ ಡಬ್ಬಿ ಇನ್ನೂ ಮೇಜಿನ ಮೇಲೇ ಇರುವಾಗ, ನಮ್ಮ ಅಪಾರ್ಟ್‌ಮೆಂಟಿನ ಹೊಸ ಕಾರ್ಯದರ್ಶಿ ಬಂದಿದ್ದ. ನಮ್ಮ ಬಗ್ಗೆ ಏನೂ ಗೊತ್ತಿಲ್ಲದ ಯುವಕ. "ಆಂಟಿ, ಮಕ್ಕಳ ಸ್ಪರ್ಧೆಗೆ ನೀವು ಜಡ್ಜ್ ಆಗ್ಬೇಕು. ಅದಕ್ಕೆ ಮುಂಚೆ ಒಂದು ಕೇಳ್ಬೇಕಿತ್ತು. ನಿಮ್ಮ ಮೊಮ್ಮಕ್ಕಳು ಯಾರಾದ್ರೂ ಸ್ಪರ್ಧೇಲಿ ಇದ್ದಾರಾ?"

ಪೇಪರಿನ ಹಿಂದಿನಿಂದ ನಮ್ಮವರು ತಲೆಯೆತ್ತಿದರು. 'ಇಲ್ಲ' ಎನ್ನುವ ಒಂದು ಮಾತು ಎಂದಿನಿಂದಲೋ ನನ್ನ ಬಾಯಲ್ಲಿ ಸಿದ್ಧವಾಗಿಯೇ ಇದೆ.

"ನಾಳೆ ಹೇಳ್ತೀನಿ ಕಣಪ್ಪ" ಎಂದೆ. "ವಿಚಾರಿಸಿ ಹೇಳ್ತೀನಿ."

ಅವನು ಹೋದ ಮೇಲೆ ನಮ್ಮವರು, "ಯಾರನ್ನ ವಿಚಾರಿಸ್ತೀಯೆ?" ಎಂದರು. ನಾನು ಡಬ್ಬಿಯ ಮುಚ್ಚಳ ಹಾಕಿದೆ. ನಾಳೆ 'ಇಲ್ಲ' ಎನ್ನುತ್ತೇನೆ, ಹೋಗಿ ಆ ಮೇಜಿಗೆ ಕೂರುತ್ತೇನೆ. ಈ ಒಂದು ರಾತ್ರಿ ಮಾತ್ರ, ನಮ್ಮ ಮನೆಯಲ್ಲೂ ಮಕ್ಕಳಿರಬಹುದು ಎಂದುಕೊಂಡೇ ಆ ಹುಡುಗ ಮಲಗಲಿ.