ಮಾರ್ಥಳಿಗೆ ಯಾವ ಅವಸರ?

ವಿಜಯವಾಡದ ಲಾರಿ ರಿಪೇರಿ ಪೇಟೆ ಆಟೋನಗರ್ ಎದ್ದು ಕೆಲಸ ಶುರುಮಾಡಿದರೆ ಆ ಸುತ್ತಿಗೆ ಸದ್ದಿಗೆ ಕೃಷ್ಣಾ ನದಿಯ ಮೀನುಗಳೆಲ್ಲ ಗಂಟುಮೂಟೆ ಕಟ್ಟಿ ಸಮುದ್ರದ ದಾರಿ ಹಿಡಿಯುತ್ತವೆ. ನಂಬದವರು ಹೋಗಿ ಎಣಿಸಿಕೊಂಡು ಬರಲಿ. ಅದು ಏಳುವ ಮುನ್ನವೇ, ಬೆಳಕು ಹರಿಯುವ ಹೊತ್ತಿಗೆ, ಅರ್ಧ ಎತ್ತಿದ ಷಟರಿನ ಕೆಳಗೆ ಮೃಣಾಲಿನಿ ಕುಳಿತಿದ್ದಾರೆ. ಲಾರಿ ಎಂಜಿನ್ನುಗಳಿಗೆ ಎಣ್ಣೆ ಸೋರದಂತೆ ನಡುವೆ ಕೂರಿಸುವ ಗ್ಯಾಸ್ಕೆಟ್ ಕತ್ತರಿಸಿ ಕೊಡುವ ಪುಟ್ಟ ಅಂಗಡಿ ಅವರದು. ಕೈಯಲ್ಲಿ ಕತ್ತರಿ, ಪಕ್ಕದ ಡಬ್ಬಿಯ ಮೇಲೆ ತೆರೆದಿಟ್ಟ ಬೈಬಲ್. ಕೈ ಕತ್ತರಿಸುತ್ತದೆ, ತುಟಿ ಓದುತ್ತದೆ.

ಪಕ್ಕದ ಲೇತ್ ಅಂಗಡಿಯ ಫಣೀಂದ್ರ ಟೀ ತಂದುಕೊಡುತ್ತಾ, “ಅಮ್ಮಗಾರೂ, ಈ ವಾರಂ ಎವರು?” ಎಂದು ವಿಚಾರಿಸುತ್ತಾನೆ. ಈ ಭಾನುವಾರ ಯಾರ ಕಥೆ ಎಂದು ಅವನ ಪ್ರಶ್ನೆ.

“ಮಾರ್ಥಾ. ಯೇಸು ಮನೀಗೆ ಬಂದಾಗ ಅಡಿಗಿಮನ್ಯಾಗ ಒಬ್ಬಾಕೀನ ಒದ್ದಾಡಿದಾಕಿ. ತಂಗಿ ಮರಿಯಾ ಆರಾಮ ಕೂತು ಅವರ ಮಾತು ಕೇಳತಿದ್ಲು.”

“ನಮ್ಮ ಮನೆಯಾಕೆ ಕಥೆ ನಿಮಗೆ ಯಾರು ಹೇಳಿದ್ರು?” ಎಂದು ತನ್ನ ಅರೆಬರೆ ಕನ್ನಡದಲ್ಲಿ ಅವನು ನಗುತ್ತಾನೆ. ಮೃಣಾಲಿನಿ ನಗುವುದಿಲ್ಲ. ಇಡೀ ಬೈಬಲಿನಲ್ಲಿ ಅವರಿಗೆ ಹೆದರಿಕೆ ಇರುವುದು ಈ ಒಂದು ಭಾಗದ್ದು.

ಗದಗ-ಬೆಟಗೇರಿಯ ಮೃಣಾಲಿನಿ ಮೆಕ್ಯಾನಿಕ್ ಒಬ್ಬರ ಕೈಹಿಡಿದು ಇಲ್ಲಿಗೆ ಬಂದವರು. ಗಂಡ ತೀರಿಕೊಂಡ ಮೇಲೆ ಅಂಗಡಿ ಅವರ ಹೆಗಲಿಗೆ ಬಂತು. ಇದೇ ಊರಿನ ಭವಾನಿಪುರಂನ ತೆಲುಗು ಕ್ರೈಸ್ತ ಸಭೆಯೊಂದು ತನ್ನ ಆರಾಧನೆಗೆ ಮೊದಲು ಕನ್ನಡದವರಿಗೆ ಜಾಗ ಬಿಟ್ಟುಕೊಡುತ್ತದೆ. ವರ್ಗವಾಗಿ ಬಂದ ಬ್ಯಾಂಕಿನವರು, ಅವರ ಮನೆಯವರು ಅಲ್ಲಿ ಸೇರುತ್ತಾರೆ. ಕನ್ನಡ ಬಲ್ಲ ಪಾಸ್ಟರ್ ಇಲ್ಲ. ಬೈಬಲಿನ ವಾಕ್ಯ ಬಿಡಿಸಿ ಹೇಳುವವರು ಮೃಣಾಲಿನಿಯೇ. ತಿಂಗಳಿಗೊಮ್ಮೆ ರೈಲು ಹತ್ತಿ ವಿಶಾಖಪಟ್ಟಣದ ಕನ್ನಡದವರಿಗೂ ಹೇಳಿ ಬರುತ್ತಾರೆ.

ಯಾವ ವಾರ ಯಾವ ಭಾಗ ಎಂಬುದನ್ನು ಸಭೆಯ ಹಬ್ಬಗಳ ಪಂಚಾಂಗವೇ ಗೊತ್ತುಮಾಡಿಟ್ಟಿರುತ್ತದೆ. ಕ್ರಿಸ್ಮಸ್‌ಗೆ ಮುಂಚಿನ ಅಡ್ವೆಂಟಿನ ಕಾಯುವಿಕೆ, ಲೆಂಟಿನ ಉಪವಾಸ, ಈಸ್ಟರಿನ ಬೆಳಗು, ಆಮೇಲೆ ಪೆಂತೆಕೋಸ್ತ್ ಹಬ್ಬದ ನಂತರ ಗೂಡ್ಸ್ ಗಾಡಿಯ ಹಾಗೆ ಮುಗಿಯದೇ ಸಾಗುವ ಭಾನುವಾರಗಳು. ಮೂರು ವರ್ಷಕ್ಕೆ ಸುತ್ತು ತಿರುಗಿ ಅದೇ ಭಾಗ ಮತ್ತೆ ಎದುರು ಬಂದು ನಿಲ್ಲುತ್ತದೆ.

“ನಮಗ ಬೇಕಾದ್ದು ಆರಿಸ್ಕೊಂಡ್ರ ವರ್ಷಪೂರ್ತಿ ಕುರಿ ಕಾಯೋನ ಕಥೀನ ಆಗ್ತೈತಿ. ಅಂಜಿಕಿ ಬರೋದನ್ನೂ ಹೇಳಬೇಕ್ರೀ” ಎನ್ನುತ್ತಾರೆ.

ಅವರ ಕ್ರಮವೇ ಬೇರೆ. ಕಥೆಯಲ್ಲಿ ಯಾರು ಮಾತಾಡುತ್ತಾರೆ ಎನ್ನುವುದನ್ನು ಬಿಟ್ಟು, ಯಾರು ಸುಮ್ಮನಿದ್ದಾರೆ ಎಂದು ಹುಡುಕುತ್ತಾರೆ. ಮನೆ ಬಿಟ್ಟುಹೋದ ಮಗ ಹಿಂದಿರುಗಿದ ಕಥೆ ಬಂದಾಗ, “ಅವನ ತಾಯಿ ಎಲ್ಲಿದ್ಲು?” ಎಂದು ಕೇಳಿ ಕುಳಿತುಬಿಟ್ಟರು. ಆ ಪ್ರಶ್ನೆಗೆ ಭವಾನಿಪುರಂನ ಬ್ಯಾಂಕ್ ಅಧಿಕಾರಿಗಳು ಆರು ತಿಂಗಳು ಊಟ ಬಿಟ್ಟರು. ಹೆಚ್ಚಾಯಿತು ಅನ್ನುವವರಿಗೆ, ಆರು ವಾರ.

ಇಂಥವರು ಎಡವಿದ್ದು ಒಂದೇ ಒಂದು ಮಾತಿನಲ್ಲಿ. ಹಿಂದಿನ ಸುತ್ತಿನಲ್ಲಿ, ಯೇಸು ಮಾರ್ಥಳಿಗೆ ಅಂದ ಮಾತನ್ನು ಹೇಳುವಾಗ, “ಮಾರ್ಥಾ, ಒಂದೇ ಅವಸರ” ಎಂದುಬಿಟ್ಟರು. ಅವಸರ ಎಂದರೆ ತೆಲುಗಿನಲ್ಲಿ ಅಗತ್ಯ. ಬೇಕಾದದ್ದು ಒಂದೇ ಎಂಬುದು ಅವರ ಅರ್ಥ.

“ಅಂಗಡ್ಯಾಗ ದಿನಾ ‘ಅವಸರಂ ಲೇದು’, ಬೇಕಿಲ್ಲ, ಅಂದೂ ಅಂದೂ, ಆ ಮಾತು ನನ್ನ ಕನ್ನಡದಾಗ ಬಂದು ಕೂತಿತ್ತು. ನನಗ ಗೊತ್ತ ಆಗಲಿಲ್ಲ.”

ಅಂದು ಎದುರಿಗಿದ್ದವರಲ್ಲಿ ಜಯಮ್ಮ ಎಂಬ ಹಿರಿಯರಿದ್ದರು. ಗಂಡನನ್ನು ಮಣ್ಣಿಗಿಟ್ಟು, ಬ್ಯಾಂಕಿನಲ್ಲಿರುವ ಮಗ ಆದರ್ಶ್ ಜೊತೆ ಬೆಟಗೇರಿಯಿಂದ ಆಗಷ್ಟೇ ಬಂದವರು. ಅವರಿಗೆ ಕೇಳಿಸಿದ್ದು ಕನ್ನಡದ ಅವಸರ. ಎದ್ದು ಹೋದರು. ಮರುವಾರದಿಂದ ಅವರು ಬರಲಿಲ್ಲ. ಆಮೇಲೆ ಮಗನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಕಾರಣ ತಿಳಿದದ್ದು ಈ ವರ್ಷ, ಆದರ್ಶ್ ಬಾಯಿಂದ.

“ಆಂಟಿ, ಅಪ್ಪ ಕಡೀ ಉಸಿರು ಎಳಿಯೋವಾಗ ಅವ್ವ ಒಲಿ ಮುಂದಿದ್ಲು. ಗಂಜಿ ಲಗೂ ಆಗ್ಲಿ ಅಂತ. ನೀವು ಅವಸರ ಅಂದದ್ದು ತನಗ ಅಂತ ತಿಳ್ಕೊಂಡಾಳ.”

ಈಗ ಆ ಭಾಗ ಮತ್ತೆ ಬಂದಿದೆ. ಈ ಸಲದ ಕೂಟ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ, ಆದರ್ಶ್ ಮನೆಯಲ್ಲೇ. ಆಸ್ಪತ್ರೆ, ಔಷಧ ಕಂಪನಿಗಳ ಹುಡುಗ ಹುಡುಗಿಯರು ಹಾಲ್ ತುಂಬ ಕುಳಿತಿದ್ದಾರೆ. ಜಯಮ್ಮ ಮಾತ್ರ ಅಡುಗೆಮನೆಯಲ್ಲಿ, ಬಂದವರಿಗೆ ಉಪ್ಪಿಟ್ಟು ಮಾಡುತ್ತಾ. ಕರೆದರೂ ಹೊರಗೆ ಬರುವುದಿಲ್ಲ.

ಮೃಣಾಲಿನಿ ಎದ್ದು ನಿಂತು ಅಡುಗೆಮನೆಯ ಕಡೆ ಮುಖ ಮಾಡುತ್ತಾರೆ.

“ಹಿಂದಿನ ಸಲ ನಾ ಅವಸರ ಅಂದೆ. ಅದು ತೆಲುಗಿನ ಅವಸರ, ಬೇಕು ಅಂತ ಅರ್ಥ. ಗಡಿಬಿಡಿ ಅಂತ ಅಲ್ಲ. ತಪ್ಪು ನಂದು. ಯೇಸು ಆಕೀನ್ನ ಮಾರ್ಥಾ, ಮಾರ್ಥಾ ಅಂತ ಎರಡು ಸಲ ಕರದ್ರು. ಬೈಯೋರು ಒಂದು ಸಲ ಕರೀತಾರ. ಎರಡು ಸಲ ಕರಿಯೋರು ಹತ್ರ ಬಂದು ನಿಂತಿರ್ತಾರ. ಆಮ್ಯಾಲ ಮಾರ್ಥಾ ಸುಮ್ಮನಾದ್ಲು. ಏನಂದ್ಲು ಅಂತ ಎಲ್ಲೂ ಬರದಿಲ್ಲ.”

ಒಳಗೆ ಸೌಟಿನ ಸದ್ದು ನಿಲ್ಲುತ್ತದೆ.

“ಅದಿರ್ಲಿ. ಆಕಿ ಮಾಡಿದ ಅಡಿಗಿ ಯಾರರ ಉಂಡ್ರೋ ಇಲ್ಲೋ, ಅದನ್ನ ಹೇಳವಾ ಮೊದಲ.” ಜಯಮ್ಮನ ದನಿ.

ಬಂಗಾಳ ಕೊಲ್ಲಿಯ ಅಲೆಗಳೂ ಆ ಗಳಿಗೆ ದಡಕ್ಕೆ ಬಡಿಯದೇ ಕಾದವು ಎಂದು ಬರೆದರೆ ತಪ್ಪಿಲ್ಲ.

“ಬರದಿಲ್ಲರೀ ಅಕ್ಕಾರ” ಎನ್ನುತ್ತಾರೆ ಮೃಣಾಲಿನಿ. “ನನಗೂ ಗೊತ್ತಿಲ್ಲ. ನೀವ ಹೇಳ್ರಿ.”

ಜಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬರುತ್ತಾರೆ. “ಉಂಡಿರಬೇಕು. ದಾರಿ ನಡದು ಹಸದು ಬಂದವರು, ಬಿಟ್ಟು ಹೋಗ್ತಾರ? ನಮ್ಮನಿಯವರಿಗೆ ಅಷ್ಟು ಹೊತ್ತು ಇರಲಿಲ್ಲ, ಅಷ್ಟ.” ಹೇಳಿ, ಹುಡುಗಿಯರ ನಡುವೆ ಜಾಗ ಮಾಡಿಕೊಂಡು ಕುಳಿತುಬಿಡುತ್ತಾರೆ.

ಮೃಣಾಲಿನಿ ಬೈಬಲ್ ಮುಚ್ಚುತ್ತಾರೆ. ಅಂದಿನ ಪ್ರಸಂಗ ಅಲ್ಲಿಗೇ ಮುಗಿಯುತ್ತದೆ.

ಮರಳುವ ರೈಲಿಗೆ ಕಾಯುತ್ತಾ ನಿಂತ ಮೃಣಾಲಿನಿಯವರನ್ನು, ಇನ್ನೇನು ಆಸೆ ಎಂದು ಕೇಳಿದರೆ ಚೀಲ ಹೆಗಲಿಗೇರಿಸುತ್ತಾ ಹೇಳುತ್ತಾರೆ:

“ಹಿಂದಿನ ಸಲ ಅಕ್ಕಾರು ಸುಮ್ಮನ ಎದ್ದು ಹೋಗಿದ್ರು. ಈ ಸಲ ನಡುವ ತಡದು ಕೇಳಿದ್ರು. ವಾಕ್ಯ ಹೇಳೋರಿಗೆ ಮತ್ತೇನು ಬೇಕ್ರೀ?”